ಕೂರಿಗೆಯ ಕೆಳಗೊಂದು ಕೆಂಪು ಗೆರೆ

ಹೋದ ವರ್ಷ ಮುಂಗಾರಿನ ಬಿತ್ತನೆಯ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೆ. ಬೀಜ ಬಿತ್ತುವ ಸಾಧನವಾದ ಕೂರಿಗೆಯನ್ನು ನೆನೆದು ‘ಅಜ್ಜ ಕೂರಿಗೆ ಹೂಡಿದ’ ಎಂದು ಕೀಲಿಸಿದ ಕೂಡಲೇ ‘ಕೂರಿಗೆ’ಯ ಕೆಳಗೆ ಕೆಂಪು ಗೆರೆ ಮೂಡಿತು. ಒತ್ತಿ ನೋಡಿದರೆ ‘ಕೋರಿಕೆ’ ಎಂಬ ಸಲಹೆ. ಅದೇ ಪುಟದಲ್ಲಿ ನಾಲ್ಕು ಸಾಲು ಕೆಳಗೆ ‘ಮಳೆ ಕೈಕೊಟ್ಟು ಜೋಳದ ಬೆಲೆ ಒಣಗಿತು’ ಎಂದಿತ್ತು. ‘ಬೆಳೆ’ ಆಗಬೇಕಾದದ್ದು ನನ್ನ ಬೆರಳಿನ ಅವಸರದಿಂದ ‘ಬೆಲೆ’ ಆಗಿತ್ತು. ಅಲ್ಲಿ ಗೆರೆ ಇರಲಿಲ್ಲ. ಸಂಜೆ ಲೇಖನವನ್ನು ಗಟ್ಟಿಯಾಗಿ ಓದುವಾಗಲಷ್ಟೇ ಅದು ಕಿವಿಗೆ ಬಿತ್ತು.

ಸರಿಯಾದ ಪದಕ್ಕೆ ಗೆರೆ, ತಪ್ಪು ಪದಕ್ಕೆ ಮೌನ. ಕಾಗುಣಿತ ನೋಡುವ ತಂತ್ರಾಂಶ ಕೆಟ್ಟದ್ದು ಎಂದು ಬೈದು ಮುಂದೆ ಹೋಗಬಹುದಿತ್ತು. ಆದರೆ ಅದು ತನಗೆ ಹೇಳಿಕೊಟ್ಟದ್ದನ್ನೇ ಮಾಡಿತ್ತು. ಅದರ ಪಟ್ಟಿಯಲ್ಲಿ ‘ಬೆಲೆ’ ಇತ್ತು, ‘ಕೂರಿಗೆ’ ಇರಲಿಲ್ಲ. ಕೆಂಪು ಗೆರೆ ಹೇಳುವುದು ಇಷ್ಟೇ: ‘ಈ ಪದ ನನಗೆ ಗೊತ್ತಿಲ್ಲ.’ ನಾವು ಅದನ್ನು ‘ಈ ಪದ ತಪ್ಪು’ ಎಂದು ಓದಿಕೊಳ್ಳುತ್ತೇವೆ. ಕನ್ನಡದಲ್ಲಿ ಬರೆಯುವವರು ಇಂತಹ ತಂತ್ರಾಂಶವನ್ನು ಆರಿಸುವಾಗಲೂ ಬಳಸುವಾಗಲೂ ಈ ಎರಡು ಮಾತುಗಳ ನಡುವಿನ ಅಂತರವನ್ನು ಮರೆಯಬಾರದು ಎಂಬುದೇ ನನ್ನ ವಾದ. ಮರೆತವರು ಕ್ರಮೇಣ ಗೆರೆ ಬೀಳದ ಪದಗಳನ್ನಷ್ಟೇ ಬರೆಯತೊಡಗುತ್ತಾರೆ. ಹಾಗೆ ಕೂರಿಗೆ, ಕುಂಟೆ, ಮೇಳಿಯಂತಹ ಬೇಸಾಯದ ಪದಗಳು ಒಂದೊಂದಾಗಿ ಪುಟದಿಂದ ಇಳಿದುಹೋಗುತ್ತವೆ. ಇದು ನನ್ನನ್ನು ಕಾಡುತ್ತಿರುವ ಆತಂಕ.

ಮೊದಲು ಒಂದು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳೋಣ. ‘ವ್ಯಾಕರಣ ತಂತ್ರಾಂಶ’ ಎಂದು ನಾವು ಕರೆಯುವುದರಲ್ಲಿ ಎರಡು ಬೇರೆ ಕೆಲಸಗಳಿವೆ. ಒಂದು, ಬಿಡಿ ಪದದ ಕಾಗುಣಿತ ನೋಡುವುದು. ಇನ್ನೊಂದು, ವಾಕ್ಯದಲ್ಲಿ ಪದಗಳು ಒಂದಕ್ಕೊಂದು ಹೊಂದಿವೆಯೇ ಎಂದು ನೋಡುವುದು. ಇಂಗ್ಲಿಷಿಗೆ ಎರಡನ್ನೂ ಮಾಡುವ ತಂತ್ರಾಂಶಗಳು ಧಾರಾಳವಾಗಿವೆ. 2009ರಲ್ಲಿ ಆರಂಭವಾದ ಗ್ರಾಮರ್ಲಿ ಎಲ್ಲರಿಗೂ ಗೊತ್ತು. ಜರ್ಮನಿಯ ಡೇನಿಯಲ್ ನಾಬರ್ 2003ರಲ್ಲಿ ತಮ್ಮ ಪದವಿಯ ಪ್ರಬಂಧಕ್ಕಾಗಿ ಕಟ್ಟಿದ ಲ್ಯಾಂಗ್ವೇಜ್‌ಟೂಲ್ ಯಾರು ಬೇಕಾದರೂ ಬಳಸಿ ಬದಲಿಸಿಕೊಳ್ಳಬಹುದಾದ ಮುಕ್ತ ತಂತ್ರಾಂಶ. ಈಗ ಇಪ್ಪತ್ತಕ್ಕೂ ಹೆಚ್ಚು ಭಾಷೆಗಳನ್ನು ನೋಡುತ್ತದೆ. ಆ ಪಟ್ಟಿಯಲ್ಲಿ ತಮಿಳು ಇದೆ, ಕನ್ನಡ ಇಲ್ಲ. ಕನ್ನಡದಲ್ಲಿ ನಮ್ಮ ಕೈಗೆ ಸಿಗುವುದು ಬಹುಮಟ್ಟಿಗೆ ಮೊದಲನೆಯ ಕೆಲಸ ಮಾತ್ರ. ‘ಮಕ್ಕಳು ಶಾಲೆಗೆ ಹೋದನು’ ಎಂದು ಬರೆದರೆ ಇಲ್ಲಿನ ತಂತ್ರಾಂಶಗಳು ತಕರಾರು ಮಾಡುವುದಿಲ್ಲ, ಏಕೆಂದರೆ ಮೂರೂ ಪದಗಳ ಕಾಗುಣಿತ ಸರಿಯಾಗಿಯೇ ಇದೆ.

ಆ ಮೊದಲ ಕೆಲಸವೂ ಕನ್ನಡದಲ್ಲಿ ಸುಲಭದ್ದಲ್ಲ. ಇಂಗ್ಲಿಷಿನಲ್ಲಿ ಒಂದು ನಾಮಪದಕ್ಕೆ ಮೂರೋ ನಾಲ್ಕೋ ರೂಪಗಳಿರುತ್ತವೆ. ಪಟ್ಟಿ ಮಾಡಿಟ್ಟರೆ ಮುಗಿಯಿತು. ನಮ್ಮ ‘ಮರ’ವನ್ನು ತೆಗೆದುಕೊಳ್ಳಿ. ಏಳು ವಿಭಕ್ತಿ, ಎರಡು ವಚನ, ಒಟ್ಟು 14 ರೂಪ. ಪ್ರತಿಯೊಂದಕ್ಕೂ ಊ, ಏ, ಓ, ಆ ಎಂಬ ಅವ್ಯಯಗಳು ಹತ್ತಿಕೊಂಡರೆ 70. ಅದರ ಮೇಲೆ ‘ಇರುವ’, ‘ಇದ್ದ’, ‘ಅಲ್ಲ’, ‘ಎಂದು’ ಸಂಧಿಯಾಗಿ ಕೂಡಿಕೊಂಡರೆ ‘ಮರದಲ್ಲಿದ್ದವನಿಗೂ’ ಎಂಬಂತಹ ಪದ ಹುಟ್ಟುತ್ತದೆ. ಕ್ರಿಯಾಪದಕ್ಕೆ ಬಂದರೆ ‘ಬರೆಯಬೇಕೆಂದುಕೊಂಡಿದ್ದವರಿಗೂ’ ಎಂಬುದನ್ನು ಯಾವ ನಿಘಂಟಿನಲ್ಲೂ ಹುಡುಕಲಾಗದು. ಆದರೆ ಕನ್ನಡ ಬಲ್ಲ ಹತ್ತು ವರ್ಷದ ಮಗುವಿಗೂ ಅದು ಅರ್ಥವಾಗುತ್ತದೆ. ಕೇಶಿರಾಜ ಹದಿಮೂರನೆಯ ಶತಮಾನದಲ್ಲಿಯೇ ಸಂಧಿಗೂ ವಿಭಕ್ತಿಗೂ ಸೂತ್ರ ಕಟ್ಟಿದ್ದು ಸುಮ್ಮನೆ ಅಲ್ಲ. ಕನ್ನಡದ ಪದ ಪಟ್ಟಿಯಲ್ಲಿ ಸಿದ್ಧವಾಗಿ ಕುಳಿತಿರುವುದಿಲ್ಲ, ಬರೆಯುವಾಗ ತಯಾರಾಗುತ್ತದೆ.

ಇದನ್ನು ಎದುರಿಸಲು ಹೆಚ್ಚು ಬಳಕೆಯಾಗುವ ಕಾಗುಣಿತ ತಂತ್ರಾಂಶ ಹನ್‌ಸ್ಪೆಲ್. ಲಿಬ್ರೆ ಆಫೀಸ್, ಫೈರ್‌ಫಾಕ್ಸ್, ಕ್ರೋಮ್ ಎಲ್ಲದರ ಒಳಗೂ ಇರುವುದು ಅದೇ. ಅದನ್ನು ಕಟ್ಟಿದವರು ಹಂಗೇರಿಯ ಲಾಸ್ಲೊ ನೇಮೆತ್. ಹಂಗೇರಿಯನ್ ಕೂಡ ನಮ್ಮಂತೆಯೇ ಪ್ರತ್ಯಯಗಳನ್ನು ಪೋಣಿಸುವ ಭಾಷೆ. ಹನ್‌ಸ್ಪೆಲ್‌ಗೆ ಎರಡು ಕಡತಗಳು ಬೇಕು: ಮೂಲಪದಗಳ ಪಟ್ಟಿ ಒಂದು, ಯಾವ ಪದಕ್ಕೆ ಯಾವ ಪ್ರತ್ಯಯ ಹೇಗೆ ಹತ್ತುತ್ತದೆ ಎಂಬ ನಿಯಮಗಳದು ಇನ್ನೊಂದು. ಪದದ ತುದಿಯಿಂದ ಅದು ಪ್ರತ್ಯಯವನ್ನು ಎರಡು ಸಲ ಕಳಚಬಲ್ಲದು. ‘ಮರಗಳನ್ನು’ ಎಂಬುದಕ್ಕೆ ಎರಡು ಸಲ ಸಾಕು. ‘ಬರೆಯಬೇಕೆಂದುಕೊಂಡಿದ್ದವರಿಗೂ’ ಎಂಬುದಕ್ಕೆ ಐದಾರು ಸಲ ಕಳಚಬೇಕು. ಹಾಗಾಗಿ ಕನ್ನಡದ ಹನ್‌ಸ್ಪೆಲ್ ಪಟ್ಟಿ ಇದ್ದರೂ ಉದ್ದ ಪದ ಬಂದಲ್ಲೆಲ್ಲ ಪುಟ ಕೆಂಪಾಗುತ್ತದೆ.

ಫಿನ್ನಿಶ್ ಭಾಷೆಯವರು ಇದೇ ಗೋಡೆಗೆ ಮುಟ್ಟಿ ತಮ್ಮದೇ ಆದ ವೊಯಿಕ್ಕೊ ಎಂಬ ಪರೀಕ್ಷಕವನ್ನು ಕಟ್ಟಿಕೊಂಡರು. ಟರ್ಕಿಯವರಿಗೆ ಜೆಂಬೆರೆಕ್ ಇದೆ. ಪಕ್ಕದ ಮಲಯಾಳದಲ್ಲಿ ಸಂತೋಷ್ ತೊಟ್ಟಿಂಗಲ್ ಅವರು ಪದವನ್ನು ಬಿಡಿಸಿ ಮೂಲಕ್ಕೆ ತಲುಪುವ ವಿಶ್ಲೇಷಕವನ್ನು ಮುಕ್ತವಾಗಿ ಕಟ್ಟಿ, ಅದರ ಮೇಲೆಯೇ ಕಾಗುಣಿತ ಪರೀಕ್ಷೆಯನ್ನು ನಿಲ್ಲಿಸಿದ್ದಾರೆ. ಮಲಯಾಳದ ಸಂಧಿ ನಮ್ಮದಕ್ಕಿಂತ ಬಿಗಿ. ಅವರಿಗೆ ಸಾಧ್ಯವಾದದ್ದು ಕನ್ನಡಕ್ಕೆ ಅಸಾಧ್ಯವೆಂದು ನಾನು ಒಪ್ಪುವುದಿಲ್ಲ.

ಇನ್ನು ವಾಕ್ಯದ ವಿಚಾರ. ‘ಅವನು ಒಳ್ಳೆಯ ರೈತ’ ಎಂಬುದು ಪೂರ್ಣ ವಾಕ್ಯ, ಆದರೆ ಅದರಲ್ಲಿ ಕ್ರಿಯಾಪದವೇ ಇಲ್ಲ. ‘ನನಗೆ ಹಸಿವಾಗಿದೆ’ ಎನ್ನುವಾಗ ಹಸಿದವನು ಚತುರ್ಥಿ ವಿಭಕ್ತಿಯಲ್ಲಿದ್ದಾನೆ, ಕ್ರಿಯಾಪದ ನಪುಂಸಕ ಲಿಂಗದಲ್ಲಿದೆ. ‘ಮುಖ್ಯಮಂತ್ರಿ ಬಂದರು’ ಎಂಬಲ್ಲಿ ನಾಮಪದ ಏಕವಚನ, ಕ್ರಿಯೆ ಬಹುವಚನ. ‘ಮಳೆ ಬಂದು ಬೆಳೆ ಉಳಿಯಿತು’ ಎಂಬಲ್ಲಿ ಬಂದದ್ದು ಒಂದು, ಉಳಿದದ್ದು ಇನ್ನೊಂದು. ಆದರೂ ವಾಕ್ಯಕ್ಕೆ ಕುಂದಿಲ್ಲ. ಇಂಗ್ಲಿಷಿನ ಅಚ್ಚಿನಲ್ಲಿ ಎರಕ ಹೊಯ್ದ ನಿಯಮಗಳಿಗೆ ಈ ನಾಲ್ಕೂ ತಪ್ಪಾಗಿಯೇ ಕಾಣುತ್ತವೆ. ಕನ್ನಡಕ್ಕೆ ವ್ಯಾಕರಣ ಪರೀಕ್ಷಕ ಬೇಕಾದರೆ ಅದನ್ನು ಕನ್ನಡದ ವಾಕ್ಯದಿಂದಲೇ ಕಟ್ಟಬೇಕು. ಬೇರೆ ಭಾಷೆಯದನ್ನು ತಂದು ಹೊಂದಿಸಿಕೊಳ್ಳುವ ದಾರಿ ಇಲ್ಲಿ ಇಲ್ಲ.

ಪರಿಣತರ ಚರ್ಚೆಗಳಲ್ಲಿ ಕಡಿಮೆ ಬರುವ, ಆದರೆ ದಿನನಿತ್ಯ ನಮ್ಮನ್ನು ಹೆಚ್ಚು ಕಾಡುವ ಇನ್ನೊಂದು ಸಂಗತಿ ಇದೆ. ಅಕ್ಷರ ಒಳಗೆ ಹೇಗೆ ಕುಳಿತಿದೆ ಎಂಬುದು. ಕನ್ನಡ ಗಣಕ ಪರಿಷತ್ತಿನ ‘ನುಡಿ’, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’, ಈ ಎರಡು ತಂತ್ರಾಂಶಗಳೂ ಕನ್ನಡದ ಬರವಣಿಗೆಯನ್ನು ಗಣಕಕ್ಕೆ ತಂದ ಉಪಕಾರಿಗಳು. ಆದರೆ ಹಳೆಯ ಫಾಂಟುಗಳಲ್ಲಿ ಕೀಲಿಸಿದ ಪಠ್ಯ ಕಣ್ಣಿಗೆ ಕನ್ನಡವಾಗಿ ಕಂಡರೂ ಗಣಕದ ಪಾಲಿಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ಪುಸ್ತಕಗಳು ಹಾಗೆ ಸಿದ್ಧವಾಗುತ್ತಿವೆ. ಅಂತಹ ಕಡತಕ್ಕೆ ಯಾವ ಪರೀಕ್ಷಕವೂ ನೆರವಾಗದು. ಎಲ್ಲ ಗಣಕಗಳೂ ಒಂದೇ ರೀತಿ ಓದುವ ಯೂನಿಕೋಡ್ ಸಂಕೇತಕ್ಕೆ ಪರಿವರ್ತಿಸಿದರೆ ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ಸ್ಥಳ ತಪ್ಪಿರುತ್ತವೆ. ಆದ್ದರಿಂದ ಪರಿವರ್ತನೆಯಾದ ಕೂಡಲೇ ಒಂದು ಸುತ್ತು ಓದಲೇಬೇಕು.

ಯೂನಿಕೋಡ್‌ನಲ್ಲಿ ನೇರವಾಗಿ ಬರೆದರೂ ಕಣ್ಣಿಗೆ ಕಾಣದ ತಪ್ಪುಗಳಿವೆ. ‘ಕಂಪನಿ’ ಎಂಬಲ್ಲಿ ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆಯನ್ನು ಒತ್ತಿದರೆ ‘ಕ೦ಪನಿ’ ಆಗುತ್ತದೆ. ಅನೇಕ ಫಾಂಟುಗಳಲ್ಲಿ ಎರಡೂ ಒಂದೇ ತರಹ ಕಾಣುತ್ತವೆ. ಗಣಕಕ್ಕೆ ಮಾತ್ರ ಅದು ನಡುವೆ ಅಂಕಿ ಸಿಕ್ಕಿಕೊಂಡ ಪದ. ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯಲ್ಲಿ ಸರಿಯಾದ ಜಾಗದಲ್ಲಿ ಕೂರುವುದಿಲ್ಲ. ಹಾಗೆಯೇ ‘ರಾಜ್‌ಕುಮಾರ್’ ಎಂದು ಒಡೆದು ತೋರಿಸಲು ಜ ಮತ್ತು ಕ ನಡುವೆ ಕಾಣದ ಅಕ್ಷರವೊಂದನ್ನು ಇಡಬೇಕು. ಇಡದಿದ್ದರೆ ‘ರಾಜ್ಕುಮಾರ್’ ಎಂದು ಒತ್ತಕ್ಷರವಾಗುತ್ತದೆ. ಇದೇ ಹೆಸರನ್ನು ಒಂದೇ ಪುಸ್ತಕದಲ್ಲಿ ಎರಡು ರೀತಿ ಕೀಲಿಸಿದ್ದನ್ನು ನಾನೇ ತಿದ್ದಿದ್ದೇನೆ. ಇಂತಹ ಸ್ಥಳಗಳಲ್ಲಿ ಮನುಷ್ಯನ ಕಣ್ಣಿಗಿಂತ ಯಂತ್ರವೇ ಮೇಲು. ಸೊನ್ನೆ ಎಲ್ಲಿ ನುಸುಳಿದೆ ಎಂದು ಅದು ಕ್ಷಣದಲ್ಲಿ ತೋರಿಸುತ್ತದೆ, ನಾವು ಹತ್ತು ಸಲ ಓದಿದರೂ ಕಾಣುವುದಿಲ್ಲ.

ಕೀಲಿಮಣೆಯೂ ತಪ್ಪುಗಳಿಗೆ ಒಂದು ಆಕಾರ ಕೊಡುತ್ತದೆ. ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿ, ನುಡಿಯಲ್ಲಿ ನಾವು ಬಳಸುವುದೂ ಅದೇ, ಲ ಮತ್ತು ಳ ಒಂದೇ ಕೀಲಿಯಲ್ಲಿವೆ. ಶಿಫ್ಟ್ ಒತ್ತಿದರೆ ಳ. ದ–ಧ, ಬ–ಭ, ನ–ಣ, ಸ–ಶ ಎಲ್ಲವೂ ಹಾಗೆಯೇ. ನನ್ನ ‘ಜೋಳದ ಬೆಲೆ’ ಹುಟ್ಟಿದ್ದು ಶಿಫ್ಟ್ ಕೀಲಿಯ ಮೇಲೆ ಬೆರಳು ನಿಲ್ಲದೆ ಹೋದದ್ದರಿಂದ. ‘ಅಭಿವೃದ್ದಿ’, ‘ಪ್ರಸಿದ್ದ’, ‘ವಿಧ್ಯಾರ್ಥಿ’, ‘ಹಾರ್ಧಿಕ’ಗಳಲ್ಲಿ ಅರ್ಧ ಪಾಲು ಅಜ್ಞಾನದ್ದಾದರೆ ಅರ್ಧ ಪಾಲು ಈ ಕೀಲಿಯದು. ಪದವಲ್ಲದ ಪದ ಹುಟ್ಟಿದಾಗ ಪರೀಕ್ಷಕ ಹಿಡಿಯುತ್ತದೆ. ಹಾಲು–ಹಾಳು, ಕಲೆ–ಕಳೆ, ಹುಲಿ–ಹುಳಿಗಳಂತೆ ಎರಡೂ ಕಡೆ ಪದವೇ ಇದ್ದಾಗ ಅದಕ್ಕೆ ಗುರುತು ಸಿಗುವುದಿಲ್ಲ. ನಿಮ್ಮ ಬೆರಳು ಯಾವ ಜೋಡಿಯಲ್ಲಿ ಎಡವುತ್ತದೆ ಎಂದು ಒಂದು ವಾರ ಗಮನಿಸಿ ಬರೆದಿಟ್ಟುಕೊಂಡರೆ ಕೊನೆಯ ಓದಿನಲ್ಲಿ ಆ ಪದಗಳನ್ನಷ್ಟೇ ಹುಡುಕಿ ನೋಡಬಹುದು. ನನಗೆ ಅತಿ ಹೆಚ್ಚು ಫಲ ಕೊಟ್ಟ ಅಭ್ಯಾಸ ಇದು.

ಹಾಗಾದರೆ ಯಾವುದನ್ನು ಆರಿಸಬೇಕು? ಮೈಕ್ರೋಸಾಫ್ಟ್ ವರ್ಡ್‌ಗೆ ಕನ್ನಡದ ಕಾಗುಣಿತ ಪರೀಕ್ಷೆಯನ್ನು ಸೇರಿಸಿಕೊಳ್ಳಬಹುದು. ಲಿಬ್ರೆ ಆಫೀಸ್ ಬಳಸುವವರಿಗೆ ಹನ್‌ಸ್ಪೆಲ್ ಪಟ್ಟಿ ಇದೆ. ಫೋನಿನ ಕೀಲಿಮಣೆಗಳು ಪದ ಸೂಚಿಸುತ್ತವೆ. ಯಾವುದರ ಜಾಹೀರಾತನ್ನೂ ನಂಬದೆ ನಿಮ್ಮದೇ ಬರಹದಿಂದ ಒಂದು ಪುಟ ತೆಗೆದುಕೊಳ್ಳಿ. ಅದರಲ್ಲಿ ಬೇಕೆಂದೇ ಹತ್ತು ತಪ್ಪುಗಳನ್ನು ಬಿತ್ತಿ. ಐದು ಮಹಾಪ್ರಾಣದ್ದು ಇರಲಿ, ಎರಡು ‘ಬೆಲೆ–ಬೆಳೆ’ ತರಹದ್ದು, ಮೂರು ‘ಕೋಟ್ಯಾಂತರ’, ‘ಜಾತ್ಯಾತೀತ’, ‘ಶುಭಾಷಯ’ದಂತಹವು. (‘ಕೋಟ್ಯಂತರ’, ‘ಜಾತ್ಯತೀತ’, ‘ಶುಭಾಶಯ’ ಎಂದಾಗಬೇಕು.) ಆಮೇಲೆ ಎರಡು ಲೆಕ್ಕ ಹಾಕಿ. ಬಿತ್ತಿದ ಹತ್ತರಲ್ಲಿ ಎಷ್ಟನ್ನು ಹಿಡಿಯಿತು? ಹಾಕಿದ ಒಟ್ಟು ಗೆರೆಗಳಲ್ಲಿ ಎಷ್ಟು ನಿಜವಾದ ತಪ್ಪಿನ ಕೆಳಗಿದ್ದವು? ಎಲ್ಲರೂ ನೋಡುವುದು ಮೊದಲ ಲೆಕ್ಕ. ನನ್ನ ಅನುಭವದಲ್ಲಿ ಎರಡನೆಯದೇ ನಿರ್ಣಾಯಕ. ಪುಟಕ್ಕೆ ನಲವತ್ತು ಗೆರೆ ಹಾಕಿ ಐದು ತಪ್ಪು ತೋರಿಸುವ ತಂತ್ರಾಂಶವನ್ನು ಮೂರನೆಯ ದಿನಕ್ಕೆ ಕಣ್ಣು ನೋಡುವುದನ್ನೇ ಬಿಡುತ್ತದೆ. ಆಗ ಆ ಐದು ತಪ್ಪುಗಳೂ ಮುದ್ರಣಕ್ಕೆ ಹೋಗುತ್ತವೆ.

ಕೇಳಲೇಬೇಕಾದ ಇನ್ನೊಂದು ಪ್ರಶ್ನೆ: ನನ್ನ ಬರಹ ಎಲ್ಲಿಗೆ ಹೋಗುತ್ತದೆ? ಹನ್‌ಸ್ಪೆಲ್ ನಿಮ್ಮ ಗಣಕದಲ್ಲಿಯೇ ಕೆಲಸ ಮಾಡುತ್ತದೆ, ಅಂತರ್ಜಾಲ ಬೇಕಿಲ್ಲ. ಲ್ಯಾಂಗ್ವೇಜ್‌ಟೂಲ್ ಅನ್ನು ನಿಮ್ಮದೇ ಗಣಕದಲ್ಲಿ ನಡೆಸಿಕೊಳ್ಳುವ ದಾರಿ ಇದೆ. ಉಳಿದ ಬಹಳಷ್ಟು ಸೇವೆಗಳು ಪ್ರತಿ ಸಾಲನ್ನೂ ದೂರದ ಸರ್ವರ್‌ಗೆ ಕಳಿಸಿ ಅಲ್ಲಿಂದ ಉತ್ತರ ತರಿಸುತ್ತವೆ. 2018ರ ಫೆಬ್ರುವರಿಯಲ್ಲಿ ಗೂಗಲ್‌ನ ಭದ್ರತಾ ಸಂಶೋಧಕ ಟಾವಿಸ್ ಒರ್ಮಾಂಡಿ ಅವರು ಗ್ರಾಮರ್ಲಿಯ ಬ್ರೌಸರ್ ವಿಸ್ತರಣೆಯಲ್ಲಿ ಒಂದು ದೋಷ ಕಂಡುಹಿಡಿದರು. ಬಳಕೆದಾರರ ಖಾತೆಯ ಗುರುತನ್ನು ಅವರು ಭೇಟಿ ಕೊಡುವ ಯಾವ ಜಾಲತಾಣ ಬೇಕಾದರೂ ಓದಬಹುದಾಗಿತ್ತು. ಅದರಿಂದ ಖಾತೆಯಲ್ಲಿ ಉಳಿಸಿದ ಬರಹಗಳನ್ನು ತಲುಪಬಹುದಾಗಿತ್ತು. ಕಂಪನಿ ಅದನ್ನು ಬೇಗನೆ ಸರಿಪಡಿಸಿತು. ಆದರೂ ಪ್ರಕಟವಾಗದ ಕಾದಂಬರಿ, ಕಕ್ಷಿದಾರರ ಪತ್ರ, ರೋಗಿಯ ವಿವರ ಇರುವ ಬರಹಗಳನ್ನು ನಾನು ಗಣಕದ ಹೊರಗೆ ಕಳಿಸುವ ತಂತ್ರಾಂಶದಲ್ಲಿ ತೆರೆಯುವುದಿಲ್ಲ.

2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ‘ಇದನ್ನು ತಿದ್ದಿಕೊಡು’ ಎಂದು ಚಾಟ್‌ಬಾಟ್‌ಗಳಿಗೆ ಕೊಡುವುದು ಬರಹಗಾರರಲ್ಲಿ ರೂಢಿಯಾಗುತ್ತಿದೆ. ಇವುಗಳ ಹತ್ತಿರ ಮುಚ್ಚಿದ ಪಟ್ಟಿ ಇಲ್ಲದ ಕಾರಣ ಉದ್ದ ಪದಕ್ಕೆ ಬೆಚ್ಚುವುದಿಲ್ಲ. ‘ಜೋಳದ ಬೆಲೆ ಒಣಗಿತು’ ಎಂಬುದನ್ನು ಸಂದರ್ಭದಿಂದ ಹಿಡಿಯುವುದೂ ಉಂಟು. ಕನ್ನಡಕ್ಕೆ ಮೊದಲ ಬಾರಿಗೆ ವಾಕ್ಯ ನೋಡುವ ಯಂತ್ರ ಸಿಕ್ಕಿದೆ ಎನ್ನಬಹುದು, ಇದನ್ನು ಸಣ್ಣದೆಂದು ನಾನು ಭಾವಿಸಿಲ್ಲ. ಆದರೆ ಇವು ತಿದ್ದುವ ಬದಲು ಹೊಸದಾಗಿ ಬರೆದುಬಿಡುತ್ತವೆ. ಎರಡು ತಪ್ಪು ತಿದ್ದಲು ಕೊಟ್ಟ ಪುಟ ಹಿಂತಿರುಗುವಾಗ ‘ಅವನು ಒಳ್ಳೆಯ ರೈತ’ ಎಂಬುದು ‘ಅವನು ಒಬ್ಬ ಉತ್ತಮ ರೈತನಾಗಿದ್ದಾನೆ’ ಆಗಿರುತ್ತದೆ. ‘ಅಜ್ಜ ನೆಟ್ಟ ಮರ’ವು ‘ಅಜ್ಜನಿಂದ ನೆಡಲ್ಪಟ್ಟ ಮರ’ವಾಗಿರುತ್ತದೆ. ಒಂದೊಂದೂ ವ್ಯಾಕರಣಕ್ಕೆ ಸರಿಯೇ. ಕನ್ನಡದ ಕಿವಿಗೆ ಮಾತ್ರ ಅನುವಾದದ ವಾಸನೆ ಬಡಿಯುತ್ತದೆ. ಕಥೆಯೊಳಗಿನ ಸಂಭಾಷಣೆಯನ್ನು ಕೊಟ್ಟರಂತೂ ಧಾರವಾಡದ ‘ಹೌದಲ್ರೀ’, ಕುಂದಾಪುರದ ‘ಎಂತ ಮಾಡುದು’ ಎಲ್ಲವೂ ಒಂದೇ ಶಿಷ್ಟ ರೂಪಕ್ಕೆ ಸವೆದು ಬರುತ್ತವೆ. ಪಾತ್ರದ ಊರು ಅಳಿಸಿಹೋಗುತ್ತದೆ.

ಅದಕ್ಕೇ ನಾನು ಚಾಟ್‌ಬಾಟ್‌ನಿಂದ ತಿದ್ದಿದ ಪ್ರತಿಯನ್ನು ಪಡೆಯುವುದಿಲ್ಲ. ‘ಕಾಗುಣಿತ ಮತ್ತು ಲಿಂಗ–ವಚನದ ಹೊಂದಾಣಿಕೆ ಮಾತ್ರ ನೋಡು, ಸಂದೇಹ ಇರುವ ಪದಗಳನ್ನು ಕಾರಣದೊಂದಿಗೆ ತೋರಿಸು, ವಾಕ್ಯ ಬದಲಿಸಬೇಡ’ ಎಂದು ಕೇಳುತ್ತೇನೆ. ತಿದ್ದುವ ಕೈ ನನ್ನದೇ ಆಗಿರುತ್ತದೆ. ತಿದ್ದಿದ ಪ್ರತಿಯೇ ಬೇಕಾದವರು ವರ್ಡ್‌ನಲ್ಲಿ ಎರಡು ಕಡತಗಳನ್ನು ಹೋಲಿಸುವ ಸೌಲಭ್ಯ ಬಳಸಿ, ಬದಲಾದ ಪ್ರತಿ ಪದವನ್ನೂ ಕಣ್ಣಾರೆ ನೋಡಿ ಒಪ್ಪಬೇಕು. ಚಾಟ್‌ಬಾಟ್ ಕೊಡುವ ‘ನಿಯಮ’ಗಳನ್ನು ನಿಘಂಟಿನಲ್ಲಿ ಪರಿಶೀಲಿಸದೆ ನಂಬಬಾರದು, ಇಲ್ಲದ ಸಂಧಿಯನ್ನು ಇದೆಯೆಂದು ಅದು ದೃಢವಾಗಿ ಹೇಳಿದ್ದನ್ನು ಕಂಡಿದ್ದೇನೆ.

ಬರೆಯುವ ಹೊತ್ತಿನಲ್ಲಿ ಪರೀಕ್ಷಕವನ್ನು ನಿಲ್ಲಿಸಿಯೇ ಇಡಿ. ವಾಕ್ಯ ಹುಟ್ಟುತ್ತಿರುವಾಗ ಗೆರೆ ಕಂಡರೆ ಮನಸ್ಸು ಅಲ್ಲಿಯೇ ನಿಂತು ಸುಲಭದ ಪದಕ್ಕೆ ಹೊರಳುತ್ತದೆ. ಪ್ರತಿ ಮುಗಿದ ಮೇಲೆ ಮೊದಲು ಸೊನ್ನೆ–ಅನುಸ್ವಾರ, ನಂತರ ಕಾಗುಣಿತ, ಕೊನೆಗೆ ಗಟ್ಟಿಯಾಗಿ ಒಂದು ಓದು. ಪುಸ್ತಕವಾದರೆ ಕರಡು ತಿದ್ದುವವರೊಬ್ಬರ ಕೈ ದಾಟಲೇಬೇಕು. ತಂತ್ರಾಂಶ ಬಂದಿತೆಂದು ಆ ಖರ್ಚನ್ನು ಉಳಿಸುವ ಪ್ರಕಾಶಕರನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಏಕೆಂದರೆ ‘ಸರಿ’ ಎಂಬುದು ಎಷ್ಟೋ ಕಡೆ ಆಯ್ಕೆಯ ಮಾತು. ಕಚೇರಿಯೋ ಕಛೇರಿಯೋ, ಹೋಟೆಲೋ ಹೊಟೇಲೋ, ‘ಮಾಡಬೇಕಾಗಿದೆ’ ಎಂದು ಕೂಡಿಸಬೇಕೋ ಬಿಡಿಸಬೇಕೋ, ಒಂದೊಂದು ಪತ್ರಿಕೆಯದು ಒಂದೊಂದು ರೂಢಿ. ಮಹಾಪ್ರಾಣಗಳೇ ಕನ್ನಡಕ್ಕೆ ಬೇಡವೆಂದು ವಾದಿಸಿ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಹಾಗೆಯೇ ಬರೆದು ತೋರಿಸಿದರು. ಆ ಪುಟಗಳನ್ನು ಪರೀಕ್ಷಕಕ್ಕೆ ಕೊಟ್ಟರೆ ಸಾಲು ಸಾಲೂ ಕೆಂಪಾದೀತು. ಅವರ ವಾದವನ್ನು ಒಪ್ಪುವುದು ಬಿಡುವುದು ಬೇರೆ ಮಾತು, ಅವರು ಬರೆದದ್ದು ತಪ್ಪಿನಿಂದಲ್ಲ. ಯಾವ ರೂಢಿಯನ್ನು ಹಿಡಿದಿದ್ದೀರಿ ಎಂದು ನೀವು ಮೊದಲು ತೀರ್ಮಾನಿಸಿ ತಂತ್ರಾಂಶಕ್ಕೆ ಹೇಳಬೇಕು.

ಹೇಳುವುದು ಕಷ್ಟವಲ್ಲ. ಬಹುತೇಕ ಪರೀಕ್ಷಕಗಳಲ್ಲಿ ‘ನಿಘಂಟಿಗೆ ಸೇರಿಸು’ ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತಿದ ಪದ ನಿಮ್ಮ ಗಣಕದಲ್ಲಿ ಒಂದು ಸಣ್ಣ ಕಡತಕ್ಕೆ ಸೇರುತ್ತದೆ. ಆದರೆ ಅದು ಅಲ್ಲಿಯೇ ಉಳಿಯುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಎಂಟು ಸಂಪುಟಗಳಲ್ಲಿ ಅಷ್ಟು ದೊಡ್ಡ ಪದರಾಶಿಯನ್ನು ಕೂಡಿಹಾಕಿದೆ. ವಿ. ಕೃಷ್ಣ ಅವರು ಒಬ್ಬರೇ ಕಟ್ಟಿದ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ 2019ರಲ್ಲಿ ಮುಕ್ತ ಪರವಾನಗಿಯಲ್ಲಿ ಹೊರಬಂತು. ಯಾರು ಬೇಕಾದರೂ ಅದನ್ನು ತೆಗೆದುಕೊಂಡು ಮುಂದಿನದನ್ನು ಕಟ್ಟಬಹುದು. ಮೂಲಪದಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಕೊರತೆ ಇರುವುದು ಅವುಗಳಿಗೆ ಪ್ರತ್ಯಯ ಹತ್ತುವ ನಿಯಮಗಳನ್ನು ಯಂತ್ರಕ್ಕೆ ತಿಳಿಯುವಂತೆ ಬರೆದಿಡುವ ಕೆಲಸದಲ್ಲಿ, ಮತ್ತು ಊರೂರಿನ ಕಸುಬಿನ ಪದಗಳಲ್ಲಿ. ಮೊದಲನೆಯದನ್ನು ಭಾಷಾವಿಜ್ಞಾನಿಗಳೂ ತಂತ್ರಾಂಶ ಬಲ್ಲವರೂ ಕೂಡಿ ಮಾಡಬೇಕು, ಸರ್ಕಾರ ಅದಕ್ಕೆ ಹಣ ಕೊಟ್ಟು ಫಲಿತವನ್ನು ಮುಕ್ತವಾಗಿ ಇಡಬೇಕು. ಎರಡನೆಯದು ಬರೆಯುವ ನಮ್ಮೆಲ್ಲರ ಗಣಕಗಳಲ್ಲಿ ಈಗಾಗಲೇ ಚೂರುಚೂರಾಗಿ ಬಿದ್ದಿದೆ. ಸಾಲಿಗೊಂದು ಪದ, ಯೂನಿಕೋಡ್‌ನಲ್ಲಿ, ಪ್ರತ್ಯಯ ಕಳಚಿ, ಪಕ್ಕದಲ್ಲಿ ಯಾವ ಸೀಮೆಯದು ಎಂದು ಬರೆದು ಮುಕ್ತ ಪದಪಟ್ಟಿಗಳನ್ನು ನಿರ್ವಹಿಸುವವರಿಗೆ ಕಳಿಸಿದರೆ ಸಾಕು. ನನ್ನ ಕಡತದಿಂದ ಬಿತ್ತನೆಯ ಪದಗಳನ್ನು ಮೊದಲು ಬೇರ್ಪಡಿಸುತ್ತಿದ್ದೇನೆ. ‘ಕುಂಟೆ’ಗೆ ಎಷ್ಟು ಊರುಗಳಲ್ಲಿ ಎಷ್ಟು ಹೆಸರಿದೆ ಎಂದು ಇನ್ನೂ ಕೇಳಿ ಮುಗಿದಿಲ್ಲ.